ತಪ್ಪಿಸಿಕೊಂಡವನು

ಶಾರ್ಜಾದ ಈ ರಸ್ತೆ ಯಾಕಿಷ್ಟು ನೆಟ್ಟಗೆ ಎಂದು
ಬಂದ ಹೊಸತರಲ್ಲಿ ಕೇಳಿದ್ದೆ.
ಹಿಂದೆ ರನ್‌ವೇ ಆಗಿತ್ತು, ಅಂದ ಟ್ಯಾಕ್ಸಿಯ ಪಠಾಣ,
ಕನ್ನಡಿಯಲ್ಲಿ ನನ್ನ ಮುಖ ಕಂಡು ಮಾತು ನಿಲ್ಲಿಸಿದ.

ಹಾಗಾದರೆ ಇಲ್ಲಿಂದಲೇ ಏರಿದ್ದು,
ನನ್ನಜ್ಜಿಯ ಅಣ್ಣ ಸಿಪ್ರಿಯನ್, ಇಪ್ಪತ್ತೊಂದು ವರ್ಷ,
ವಿಮಾನದ ಹೊಟ್ಟೆಯಲ್ಲಿ ಕ್ಯಾಮೆರಾದ ಜೊತೆ ಬೋರಲು ಮಲಗಿ
ನೀರಿನಡಿಯ ನೆರಳುಗಳ ಪಟ ತೆಗೆಯಲು.
ಬಾಂಬು ಹಾಕುವ ಕೆಲಸವಲ್ಲ ಅಮ್ಮ,
ಬರೀ ನೋಡಿ ಬರುವುದು, ಎಂದು ಬರೆದಿದ್ದ.
ನೋಡಿದ್ದಾಯಿತು.
ಬರುವುದು ಉಳಿಯಿತು.

ನಲವತ್ತಮೂರರ ಜೂನ್, ಕಿನ್ನಿಗೋಳಿಗೆ ಟೆಲಿಗ್ರಾಂ.
ಓದಿದವರು ಶಾಲೆಯ ಸಂಜೀವ ಮಾಸ್ತರರು.
'ಮಿಸ್ಸಿಂಗ್' ಎಂಬಲ್ಲಿ ಒಂದು ಗಳಿಗೆ ತಡವರಿಸಿ
ತಪ್ಪಿಸಿಕೊಂಡಿದ್ದಾನೆ, ಅಂದರು.
ಮುತ್ತಜ್ಜಿಗೆ ಮನೆಯೊಳಗೆ ಕೊಂಕಣಿ, ಅಂಗಳ ಇಳಿದರೆ ತುಳು,
ಕನ್ನಡವೆಂದರೆ ಅಂಚೆ, ಕಚೇರಿ, ಮಾಸ್ತರರು.
ತಪ್ಪಿಸಿಕೊಂಡನೇ? ದೊರೆಗಳ ಕೈಯಿಂದಲೇ?
ಭೇಷ್, ಎಂದು ಸೆರಗಿನಲ್ಲಿ ಕಣ್ಣೊರಸಿ
ಮಾಸ್ತರರ ಕೈಗೆ ನಾಲ್ಕು ಬಾಳೆಹಣ್ಣು ಇಟ್ಟಳಂತೆ.

ಜೀವಮಾನವಿಡೀ ಮಕ್ಕಳ ಕಾಗುಣಿತ ತಿದ್ದಿದವರು
ಅದೊಂದನ್ನು ತಿದ್ದದೆ
ಹಣ್ಣು ಹಿಡಿದುಕೊಂಡು ಗುಡ್ಡ ಇಳಿದರು.

ಹಾಗಾಗಿ ಅವನಿಗೆ ಶಿಲುಬೆಯಿಲ್ಲ, ಆತ್ಮಶಾಂತಿಯ ಪೂಜೆಯಿಲ್ಲ.
ಅವಳು ಸಾಯುವ ತನಕ ಹಿಂಬಾಗಿಲಿಗೆ ಅಗುಳಿಯಿಲ್ಲ.
ಓಡಿ ಬರುವ ಮಗ ಮುಂಬಾಗಿಲು ತಟ್ಟುತ್ತಾನೆಯೇ?

ನನಗೀಗ ಇದೇ ರಸ್ತೆಯ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಕೆಲಸ.
ವೀಸಾಕ್ಕೆ ಬಂದ ಹುಡುಗರ ಎದೆಯಲ್ಲಿ
ಇರಬಾರದ ನೆರಳು ಹುಡುಕಬೇಕು.
ವಂಶದ ಕಸುಬೇ ಇರಬೇಕು ಇದು.
ಉಸಿರು ಎಳೆ, ಹಿಡಿ, ಅನ್ನುತ್ತೇನೆ ಹಿಂದಿಯಲ್ಲಿ.
ಬಿಡು ಅನ್ನಲು ಒಮ್ಮೆ ಮರೆತು
ಆ ಹುಡುಗ, ಪಾಪ, ಹಾಗೇ ನಿಂತಿದ್ದ, ಕಣ್ಣು ಬಿಟ್ಟುಕೊಂಡು.

ರಾತ್ರಿ ಪಾಳಿ ಮುಗಿದಾಗ ಹೊರಗೆ ಸಿಗ್ನಲ್ಲುಗಳು
ಯಾರಿಗೂ ಅಲ್ಲದೆ ಕೆಂಪಾಗಿ, ಹಸಿರಾಗುತ್ತಿರುತ್ತವೆ.
ಆಚೀಚೆ ಬ್ಯಾಂಕು, ಅತ್ತರಿನ ಅಂಗಡಿ, ಮಲಬಾರಿ ಹೋಟೆಲು,
ನಡುವಿನ ದಿಬ್ಬದ ಮೇಲೆ ಸಾಲು ಖರ್ಜೂರ.
ಈಗ ಬಂದರೆ ಎಲ್ಲಿ ಇಳಿಯುತ್ತೀ ಮಾರಾಯ,
ಆ ಮರಗಳನ್ನು ಯಾರು ಕಡಿಯಬೇಕು?

ಕ್ಲಿನಿಕ್ಕಿನ ಹಿಂಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುವಂಥದು.
ನಿನ್ನೆ ಅದಕ್ಕೆ ಕಾಲು ಒಡ್ಡಿ ನಿಂತಿದ್ದೆ.
ಯಾಕೆ ತೆರೆದಿಟ್ಟಿದ್ದೀರಿ ಮೇಡಂ, ಕೇಳಿದ ಕಾವಲಿನ ನೇಪಾಳಿ.
ಗಾಳಿಗೆ, ಅಂದೆ.
ಜೂನ್ ತಿಂಗಳು.
ಒಂದೆಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.