ಮೂಲ: ಖಾಸಗಿ

ರಿಜಿಸ್ಟರಿನ ನಾಲ್ಕನೇ ಕಾಲಂ, "ಮೂಲ".
ಬೂದು ಗಿಣಿ, ಗಂಡು, ಬಾಲ ಕೆಂಪು.
ಖಾಸಗಿ ಎಂದು ಬರೆದೆ.
ಅಷ್ಟೇ ಜಾಗ ಇತ್ತು.

ಮಂಡಕ್ಕಿ ಭಟ್ಟಿಯ ದಸ್ತಗೀರ್ ಸಾಬರು
ಪಂಜರಕ್ಕೆ ಹಳೇ ಲುಂಗಿ ಹೊದಿಸಿ
ದಾವಣಗೆರೆಯಿಂದ ಆನಗೋಡಿನ ತನಕ
ತೊಡೆ ಮೇಲಿಟ್ಟುಕೊಂಡೇ ಬಂದರು.
ಸಹಿ ಮಾಡುವಾಗ ಬೆರಳ ಮಸಿ
ಕಾಗದಕ್ಕಂಟಿತು; ನಾನು ಒರೆಸಲಿಲ್ಲ.

ನಮ್ಮ ಹೆಣ್ಣು ಆರು ವರ್ಷದಿಂದ ಒಂಟಿ,
ತನ್ನ ಗರಿ ತಾನೇ ಕಿತ್ತು ಎದೆಯೆಲ್ಲ ಬೋಳು.
ಡಾಕ್ಟರು ಕೇಳಿದರು: ಇದಕ್ಕೆ ಏನು ತಿನ್ನಿಸ್ತೀರಿ?
"ನಾ ತಿನ್ನೋದೇ. ಮೆಣಸಿನಕಾಯಿ ಮಾತ್ರ
ಅದಕ್ಕೆ ಒಂದು ಹೆಚ್ಚು."
ಎಲ್ಲರೂ ನಕ್ಕರು. ಡಾಕ್ಟರು ಬರೆದುಕೊಂಡರು.

ಮಾಗಿಯಲ್ಲಿ ಮೂರು ಮೊಟ್ಟೆ. ಎರಡು ಜೊಳ್ಳು.
ಉಳಿದೊಂದಕ್ಕಾಗಿ ಪ್ರತಿ ಭಾನುವಾರ
ಟಿಕೆಟ್ಟು ಕೊಂಡು, ಬೇಡವೆಂದರೂ ಕೊಂಡು,
ಬಲೆಯಾಚೆ ಕೂರುತ್ತಿದ್ದರು,
ಕೆಮ್ಮು ಕೇಳದಂತೆ ಬಾಯಿಗೆ ಟವೆಲು ಒತ್ತಿ.

ಮರಿಗೆ ಈಗ ಐದು ತಿಂಗಳು.
ಭಟ್ಟಿ ಕಂಡದ್ದಲ್ಲ, ಬಾಂಡಲಿ ಕಂಡದ್ದಲ್ಲ.
ಬೆಳಿಗ್ಗೆ ನಾನು ಬೀಗ ತೆಗೆವಾಗ
ಗೂಡಿನೊಳಗೆ ಚಟಪಟ, ಚಟಪಟ
ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು,
ನಡುವೆ ಒಂದು ಕೆಮ್ಮು.

ಹೊಸ ಸಾಲು. ಮೂಲ?
ಮೃಗಾಲಯ ಎಂದು ಬರೆಯುವುದು ಕ್ರಮ.
ಕಾಲಂ ಚಿಕ್ಕದು.
ಭಟ್ಟಿ ಎಂದರೆ ಹಿಡಿಸುತ್ತದೆ.