ತಲೆ ಮ್ಯಾಲ ಎರಡು ಗೀರು

ಮುನೀರುದ್ದೀನ್ ಸಾಹೇಬರ ಬಹಿಯೊಳಗ
ನನ್ನ ಹೆಸರು ಬಲದಿಂದ ಎಡಕ್ಕ ಹೋಗ್ತದ.
ನನಗ ಉರ್ದು ಬರಂಗಿಲ್ಲ.
ಆದ್ರ ಘಾಳೆಪ್ಪ ಅಂದ್ರ ಹ್ಯಾಂಗ ಕಾಣ್ತದ, ಗೊತ್ತದ:
ತಲೆ ಮ್ಯಾಲ ಎರಡು ಗೀರು,
ಬಾಜೂಕ ಎರಡು ಕಣ್ಣಿನ ಅಕ್ಷರ,
ಕಡೀಕ, ಹೊಟ್ಟಿ ಕೆಳಗ, ಮೂರು ಚುಕ್ಕಿ.
ಮಂದಿ ಇಳಿಸಿ, ಅಂಗಡಿ ಕಟ್ಟಿ ಮ್ಯಾಲ ಕುಂತು,
ಮೂರೂ ಚುಕ್ಕಿ ಬಿದ್ದವೋ ಇಲ್ಲೋ ನೋಡೇ ಎದ್ದೀನಿ
ಇಪ್ಪತ್ತೆರಡು ವರ್ಷ.

ಝೀರಾದ ಗುರುದ್ವಾರದಿಂದ ಪಂಜಾಬಿನವರು,
ಕೋಟೆ ನೋಡಿ ಬಿಸಿಲಿಗೆ ಕೆಂಪಾದ ಹೈದರಾಬಾದಿನವರು,
ಚೌಬಾರಾ ಸುತ್ತಿ ಓಣಿಗೆ ತಂದು ಬಿಟ್ಟೆ.
ನೂರಕ್ಕ ಐದು.
ಎದುರಿನ ಅಂಗಡ್ಯಾಂವ ಹದಿನೈದು ಕೊಡ್ತೀನಿ ಅಂದ.
ಎರಡು ತಿಂಗಳು ಅವನ ಕಡಿ ಹೋದೆ, ಸುಳ್ಳ್ಯಾಕ ಹೇಳ್ಲಿ.
"ಅವರು ಏನೂ ತಗೊಳ್ಳಿಲ್ಲಲ್ಲೋ" ಅಂತಿದ್ದ;
ಅವರ ಕೈಚೀಲದಾಗಿಂದ ಸುರಾಹಿಯ ಕುತ್ತಿಗಿ
ಇಣುಕಿ ನನ್ನೇ ನೋಡ್ತಿತ್ತು.
ಹದಿನೈದನ್ನ ಸೊನ್ನಿಲೆ ಗುಣಿಸಿದ್ರ ಎಷ್ಟು?
ನಮ್ಮ ಯಶೋಧರಾ ಆವಾಗ ಮೂರನೇ ಕ್ಲಾಸು, ಆಕಿಗೂ ಗೊತ್ತಿತ್ತು.

ತಿರುಗಿ ಹೋದೆ. ಸಾಹೇಬರು ಏನೂ ಕೇಳ್ಲಿಲ್ಲ,
ಚಹಾ ಹೇಳಿದ್ರು. ಆಮ್ಯಾಲ ಒಂದೇ ಮಾತು:
"ಪೂರಾ ಬೆಳ್ಳಿ ಅಂತ ಯಾರಿಗೂ ಹೇಳಬ್ಯಾಡ, ಘಾಳೆಪ್ಪ.
ಜಸ್ತದ ಮ್ಯಾಲ ಬೆಳ್ಳಿ ತಂತಿ ಅನ್ನು.
ಸುಳ್ಳು ಕೇಳಿ ಬಂದ ಗಿರಾಕಿ
ಒಂದ್ಸಲ ಕೊಳ್ತಾನ, ಹತ್ತು ಮನಿ ಮುಂದ ಬೈತಾನ."
ಹಂಗ ಸುಳ್ಳು ಹೇಳಿ ಮಂದಿ ತರ್ತಿದ್ದ ಸ್ಟ್ಯಾಂಡಿನ ಧೂಳಪ್ಪಗ
ಲೆಕ್ಕ ಚುಕ್ತಾ ಮಾಡಿ, ಕೈ ಮುಗಿದು ಕಳಿಸಿದ್ರು.

ಒಂದ್ಸಲ ಹೂದಾನಿ ತಿರುಗಿ ಬಂತು, ಬಾಯಿ ಸೀಳ್ಯಾದಂತ.
ನನ್ನ ಮೂವತ್ತು ರೂಪಾಯಿ ಮುರಕೊಂಡ್ರು.
ನೆನಪಿರೋದು ಅದಲ್ಲ.
ಮುರಕೊಳ್ಳೋ ಮೊದಲು ಹೂದಾನಿ ನನ್ನ ಕೈಗೆ ಕೊಟ್ಟು,
ನನ್ನ ಬೆರಳು ಹಿಡಿದು ಸೀಳಿಗೆ ಹಚ್ಚಿದ್ರು.

ಮತ್ತ ಆ ಲುಧಿಯಾನಾದ ಅಮ್ಮ.
ಒಂದು ತಾಸು ಕುಂತಳು, ಪಾನ್‌ದಾನ ತೆರೆದಳು, ಮುಚ್ಚಿದಳು,
ಏನೂ ಕೊಳ್ಳದೇ ರೈಲಿಗೆ ಹೋದಳು.
ಮುಂದಿನ ವರ್ಷ, ಮಗನ ಲಗ್ನಕ್ಕ, ಫೋನ್ ಮಾಡಿ
ಆರು ಪಾನ್‌ದಾನ ತರಿಸಿದಳಂತ.
ನನಗೇನು ಗೊತ್ತು? ಯಾರು ಹೇಳಬೇಕು?
ಅಂಗಡಿ ಹುಡುಗ ಸ್ಟ್ಯಾಂಡಿಗೆ ಬಂದು ಲಕೋಟಿ ಕೊಟ್ಟ.
"ಇದಕ್ಕ ನಾ ಏನ್ ಮಾಡೀನ್ರಿ?" ಅಂತ ಕೇಳಲಿಕ್ಕೆ ಹೋದ್ರ
ಸಾಹೇಬರು ಹೋದ ವರ್ಷದ ಬಹಿ ತೆಗೆದ್ರು:
ಎರಡು ಗೀರು, ಎರಡು ಕಣ್ಣು, ಮೂರು ಚುಕ್ಕಿ,
ಮುಂದ ಖಾಲಿ ಜಾಗ.
ಖಾಲಿ ಬಿಟ್ಟಿದ್ರು. ಗೀಟು ಹೊಡೆದಿರಲಿಲ್ಲ.

ಈಗ ಯಶೋಧರಾ ಮನ್ಯಾಗ ಕುಂತೇ ಮಂದಿ ಕಳಿಸ್ತಾಳ.
ಆಟೋ ಇಲ್ಲ, ಪೆಟ್ರೋಲಿಲ್ಲ; ಬರೇ ಲಿಂಕು.
ಕುಕ್ಕರು, ಕುರ್ತಿ, ಸಣ್ಣ ಹುಡುಗರ ಸೈಕಲ್ಲು.
ಒತ್ತಿದಾಂವ ಮೂವತ್ತು ದಿನದಾಗ ಕೊಂಡ್ರ ಆಕಿ ಪಾಲು,
ಮೂವತ್ತೊಂದನೇ ದಿನ ಕೊಂಡ್ರ ಯಾರ ಪಾಲೂ ಅಲ್ಲ.
ಸಾವಿರ ತುಂಬೋ ತನಕ ರೊಕ್ಕ ಬಿಡಂಗಿಲ್ಲ;
ಒಂಬೈನೂರ ಎಂಬತ್ತಕ್ಕ ಬಂದು ನಿಂತದ, ನಾಕು ತಿಂಗಳಾತು.
ಹನ್ನೊಂದು ಆರ್ಡರ್ ರದ್ದು ಅಂತ ತೋರಿಸ್ತದ.
ಯಾಕ ರದ್ದು, ಅದು ತೋರಸಂಗಿಲ್ಲ.
ಸೀಳು ಎಲ್ಲ್ಯಾದ? ಬೆರಳು ಎಲ್ಲಿ ಹಚ್ಚಬೇಕು?

"ಬ್ಯಾರೆ ನೆಟ್‌ವರ್ಕಿಗೆ ಸೇರ್ತೀನಿ, ಅಪ್ಪಾ,
ನೂರಕ್ಕ ಹನ್ನೆರಡಂತ" ಅಂದಳು, ರಾತ್ರಿ ರೊಟ್ಟಿ ಮುರೀತಾ.
ಹನ್ನೆರಡು ಇರಲಿ ಅವ್ವಾ, ಅಂದೆ,
ಜಗಳಾಡೋ ದಿನ ಕುಂದರಲಿಕ್ಕೆ
ಅಲ್ಲಿ ಕಟ್ಟಿ ಅದೋ ಇಲ್ಲೋ ಕೇಳು.

ನಕ್ಕಳು. ಫೋನ್ ನನ್ನ ಕೈಯಾಗ ಇಟ್ಟಳು.
ಗೆರಿ ಏರ್ತಾವ, ಇಳೀತಾವ, ಹಸರು, ಕೆಂಪು.
"ಇದರಾಗ ನೀ ಎಲ್ಲಿದ್ದಿ?"
ಎರಡು ಬೆರಳಿಲೆ ಹಿಗ್ಗಿಸಿ ತೋರಿಸಿದಳು.
ಏಳು ಅಂಕಿ.
ಹೆಸರಿಲ್ಲ.

ಮುಂಜಾನಿ ಗಾಡಿ ತೆಗೆಯೋ ಮೊದಲು
ಆ ಏಳು ಅಂಕಿ ಮೀಟರಿನ ಬಾಜೂಕ
ಚಾಕ್‌ಪೀಸಿಲೆ ಬರೆದೆ.
ಯಾರಾದ್ರೂ ಹತ್ತಿ ಕೇಳಿದ್ರ, ಇದು ಯಾರಂತ,
ಹೇಳಲಿಕ್ಕೆ ಒಬ್ಬರು ಬೇಕಲ್ಲ.