ಎರಡೂ ಬದಿ, ಕಪ್ಪು ಬಿಳುಪು

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಒಂದು ರೂಪಾಯಿ, ಎರಡೂ ಬದಿಯಾದರೆ ಒಂದೂವರೆ.
ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ,
ಮತ್ತೆ ಪ್ರತಿ ಜೂನ್ ತಿಂಗಳು
ಯುರೋಪಿನ ಐನೂರು ವರ್ಷ.

ತರುವವರು ಚಿತ್ರಕಲಾ ಶಾಲೆಯ ಹಾಲೇಶಪ್ಪ ಮೇಷ್ಟ್ರು,
ಹಳೆಯ ಪಂಚೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ.
ಬೆನ್ನು ಬಿಟ್ಟ ಪುಸ್ತಕ. ಇಡೀ ಶಾಲೆಗೆ ಅದೊಂದೇ.
"ಗಾಜಿಗೆ ಒತ್ತಬೇಡ ಮಾರಾಯ, ಅದಕ್ಕೂ ಸೊಂಟನೋವು."

ನಿಂತುಕೊಂಡೇ ಕಲಿತವನು ನಾನು,
ಮುಚ್ಚಳದ ಸಂದಿಯಲ್ಲಿ ಹಸಿರು ಬೆಳಕು ಹರಿದುಹೋಗುವಷ್ಟು ಹೊತ್ತು.
ರಿನೈಸಾನ್ಸ್ ಅಂದರೆ ಗೆರೆಗಳೆಲ್ಲ ಓಡಿ
ದೂರದ ಒಂದು ಚುಕ್ಕಿಯಲ್ಲಿ ಅಡಗುವುದು,
ಭಾನುವಾರ ಬಾಗಿಲೆಳೆದ ನೆಹರೂ ರೋಡಿನ ಹಾಗೆ.
ಬರೋಕ್ ಟೋನರ್ ತಿನ್ನುತ್ತದೆ.
ಒಂದು ಮುಖ, ಒಂದು ಕೈ, ಮಿಕ್ಕಿದ್ದೆಲ್ಲ ಕತ್ತಲೆ.
ಆ ಅಧ್ಯಾಯಕ್ಕೆ ನಾಲ್ಕಾಣೆ ಹೆಚ್ಚಿಗೆ ಕೇಳಬೇಕು ಅಂದುಕೊಳ್ಳುತ್ತೇನೆ,
ಕೇಳಿಲ್ಲ.

ಇಂಪ್ರೆಷನಿಸಮ್ಮಿನ ಕಷ್ಟ ಬೇರೆ.
ಕೊಳ, ನೈದಿಲೆ, ಬೆಳಗು ಎಂದು ಅಡಿಯಲ್ಲಿ ಅಚ್ಚಾಗಿದೆ.
ಯಂತ್ರಕ್ಕೆ ಕಂಡದ್ದು ಬೂದಿ.
ತೆಳು ಬೂದಿ, ದಪ್ಪ ಬೂದಿ, ನೆನೆದ ಬೂದಿ.
ಮೂವತ್ತು ಮಕ್ಕಳು ಆ ಬೂದಿಯನ್ನೇ ಎದುರಿಗಿಟ್ಟುಕೊಂಡು
"ಬೆಳಕೇ ಈ ಪಂಥದ ಜೀವಾಳ" ಎಂದು ಉರು ಹೊಡೆದರು,
ಹತ್ತಕ್ಕೆ ಏಳು ತೆಗೆದರು.

ಒಮ್ಮೆ ಕರೆಂಟು ಹೋಗಿ ಬಂದು, ಕಾಗದ ಸಿಕ್ಕಿಕೊಂಡು,
ಒಬ್ಬ ಹೆಂಗಸಿನ ಮೂಗು ಕಿವಿಯ ಹತ್ತಿರ ಬಂತು.
ಮುದುಡಿ ಎಸೆಯಹೋದೆ. ಮೇಷ್ಟ್ರು ಕೈ ಹಿಡಿದರು:
"ತಡಿ, ಅದು ಮೂಲದಲ್ಲೇ ಹಾಗಿದೆ."
ಮುಂದಿನ ಹಾಳೆಯೂ ಹಾಗೇ. ನಾನು ಸುಮ್ಮನೆ ಕಟ್ಟಿಗೆ ಸೇರಿಸಿದೆ.
"ಇದು ಮಾತ್ರ ನಿನ್ನದೇ ಘನಕಾರ್ಯ" ಅಂದರು.
ಯಾವುದು ಯಾವುದೆಂದು ಇವತ್ತಿಗೂ ನನಗೆ ಗೊತ್ತಾಗುವುದಿಲ್ಲ.

ಪುಸ್ತಕದಲ್ಲಿ ನೂರಾ ಹದಿಮೂರರಿಂದ ನೂರಾ ಇಪ್ಪತ್ತೆಂಟು ಇಲ್ಲ.
ಗೆದ್ದಲೋ, ಯಾರದೋ ಮಗುವೋ, ಕಡ ಒಯ್ದ ಮಹಾನುಭಾವರೋ.
ಹಾಗಾಗಿ ಶಿವಮೊಗ್ಗದ ಮಟ್ಟಿಗೆ
ಸಾವಿರದ ಎಂಟುನೂರ ಎಂಬತ್ತಾರರಿಂದ ಇಪ್ಪತ್ತು ವರ್ಷ
ಪಶ್ಚಿಮದಲ್ಲಿ ಯಾರೂ ಚಿತ್ರ ಬರೆಯಲಿಲ್ಲ.
ಸೂರ್ಯಕಾಂತಿ ಅರಳಲಿಲ್ಲ. ಯಾರ ಕಿವಿಗೂ ಏನೂ ಆಗಲಿಲ್ಲ.
ಎಲ್ಲರೂ ಕುಂಚ ತೊಳೆದಿಟ್ಟು ಊಟಕ್ಕೆ ಹೋಗಿದ್ದರು.

ಆ ವರ್ಷ ಪ್ರಶ್ನೆ ಬಂದದ್ದು ಅಲ್ಲಿಂದಲೇ.
ಇಪ್ಪತ್ತೊಂಬತ್ತು ಮಂದಿ ಜಾಗ ಬಿಟ್ಟು ಮುಂದೆ ಹೋದರು.
ಟ್ಯಾಂಕ್ ಮೊಹಲ್ಲಾದ ಜುಲೇಖಾ ಬರೆದಳಂತೆ:
"ಈ ಕಾಲದವರಿಗೆ ಬೆಳಕು ಸಾಕಾಯಿತು.
ಅದು ನಿಲ್ಲುವುದಿಲ್ಲ, ನಂಬಿ ಕೂತರೆ ಹೊತ್ತು ಮುಳುಗುತ್ತದೆ.
ಅವರು ಬಣ್ಣವನ್ನು ಗಟ್ಟಿಯಾಗಿಯೇ ಮೆತ್ತಿದರು,
ಹುಲ್ಲಿಗೆ ಕೆಂಪು, ಮುಖಕ್ಕೆ ಹಸಿರು.
ಯಾಕೆಂದು ಕೇಳಿದವರಿಗೆ, ಒಳಗೆ ಹಾಗೇ ಇತ್ತು ಅಂದರು."

ಯಾರು ಹೇಳಿಕೊಟ್ಟರು, ಮೇಷ್ಟ್ರು ವಿಚಾರಿಸಿದ್ದಾರೆ.
ಯಾರೂ ಇಲ್ಲ ಸಾರ್.
ಸಾಗರ ರಸ್ತೆಯ ಗ್ಯಾರೇಜಿನಲ್ಲಿ ಅಬ್ಬಾ ಆಟೋಗೆ ಬಣ್ಣ ಹೊಡೆಯುತ್ತಾರೆ.
ಎಲ್ಲಿ ಏಟು ಬಿದ್ದಿರುತ್ತೋ ಅಲ್ಲಿ ದಪ್ಪ ಬಳಿಯುತ್ತಾರೆ.

ನನ್ನ ಮುಂದೆ ಇದನ್ನು ಹೇಳಿ ಮೇಷ್ಟ್ರು
ಕನ್ನಡಕ ಒರೆಸಿದರು, ಇನ್ನೊಮ್ಮೆ ಒರೆಸಿದರು,
ಚಿಲ್ಲರೆ ಮರೆತು ಹೋದರು.

ಮಾರನೆಯ ವಾರ ಅವಳೇ ಬಂದಳು.
ಒಂದು ಹಾಳೆ, ಮೂವತ್ತು ಪ್ರತಿ.
ಸೇತುವೆಯ ಕೆಳಗೆ ತುಂಗೆ, ಪ್ರೈಮರ್ ಕೆಂಪು.
ನೀರಿನೊಳಗೆ ಆಟೋ ಹಳದಿಯ ಆಕಾಶ,
ಬೆರಳಿಟ್ಟರೆ ಅಂಟುವಷ್ಟು ದಪ್ಪ.
"ನನ್ನ ಮಿಷಿನಿನಲ್ಲಿ ಬಣ್ಣ ಬರಲ್ಲಮ್ಮ."
"ಗೊತ್ತು," ಅಂದಳು. "ನಮ್ಮ ಪುಸ್ತಕದಲ್ಲಿ ಯಾವುದಕ್ಕೆ ಬಂದಿದೆ?"

ಮುಚ್ಚಳ ಹಾಕಿದೆ. ಹಸಿರು ಬೆಳಕು ಹೋಯಿತು, ಬಂತು.
ಇಪ್ಪತ್ತೆಂಟು ರೂಪಾಯಿ ಎಣಿಸಿಟ್ಟಳು. ಎರಡು ಬಾಕಿ.
ಕಟ್ಟು ಸರಿಮಾಡಿ ಕೊಡುವಾಗ ಕಂಡಿತು,
ಹಾಳೆಯ ಅಡಿಯಲ್ಲಿ, ಪೆನ್ಸಿಲ್ಲಿನಲ್ಲಿ, ಬಹಳ ಸಣ್ಣಗೆ:
೧೧೩.